ಶೂನ್ಯ ವಾಟಿನ ಕಂಪ್ಯೂಟರು

ಕಡಿಮೆ ವಿದ್ಯುತ್ತಿನಲ್ಲಿ ನಡೆಯುವ ಅಗ್ಗದ ಕಂಪ್ಯೂಟರುಗಳನ್ನು ಹಳ್ಳಿಗಳಿಗೆ ಹಂಚುವ ಮಹತ್ಕಾರ್ಯವು ಶಿರಸಿ ಸೀಮೆಯ ನಮ್ಮೂರ ಶಾಲೆಯನ್ನು ತಲುಪಿ ಎರಡು ಮಳೆಗಾಲ ಕಳೆದವು. ಅಂಗೈಯಗಲದ ಆ ಕಂಪ್ಯೂಟರ್ ಬೋರ್ಡಿಗೆ ನಾಲ್ಕೈದು ವಾಟ್ ಸಾಕು. ತರಗತಿಯ ಹಳೆಯ ಫ್ಯಾನೊಂದು ಕುಡಿಯುವ 75 ವಾಟಿನಲ್ಲಿ ಇಂಥ ಹದಿನೈದನ್ನು ಸಾಕಬಹುದು.

ಇಂಥ ಮಿತಾಹಾರಿ ಯಂತ್ರ ಉತ್ತರ ಕನ್ನಡಕ್ಕೇಕೆ ಬೇಕಾಯಿತೆಂದು ಪರಊರಿನವರು ಕೇಳಬಹುದು. ಕೈಗಾದಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಅಣುಘಟಕಗಳಿವೆ. ಕಾಳಿ ನದಿಯಂತೂ ಸೂಪಾದಿಂದ ಕದ್ರಾದವರೆಗೆ ಟರ್ಬೈನಿನಿಂದ ಟರ್ಬೈನಿಗೆ ಇಳಿಯುತ್ತಲೇ ಕಾರವಾರದ ಕಡಲು ಸೇರುತ್ತದೆ. ಈ ವಿದ್ಯುತ್ತೆಲ್ಲ ದೊಡ್ಡ ಗೋಪುರಗಳ ತಂತಿಯಲ್ಲಿ ಗುಂಯ್‌ಗುಡುತ್ತ ನಮ್ಮ ತಲೆಯ ಮೇಲೆಯೇ ಹಾದುಹೋಗುತ್ತದೆ. ಅದರ ಕೆಳಗೆ ಅಡಕೆ ತೋಟದ ಅಂಚಿನಲ್ಲಿ ನಮಗಾಗಿ ಎಳೆದಿರುವ ಸಣ್ಣ ತಂತಿಯ ಮೇಲೆ ಮಾತ್ರ ಆಷಾಢದ ಮೊದಲ ಗಾಳಿಗೇ ಮತ್ತಿಯೋ ಹೊನ್ನೆಯೋ ಮುರಿದು ಬೀಳುತ್ತದೆ. ಕೈಗಾದ ಮೊದಲ ಘಟಕ 2018ರ ಕೊನೆಗೆ 962 ದಿನ ನಿಲ್ಲದೆ ನಡೆದು ವಿಶ್ವದಾಖಲೆ ಬರೆಯಿತಂತೆ. ನಮ್ಮೂರಿನ ದಾಖಲೆ ಒಂಬತ್ತು ದಿನ, ಅದು ಕರೆಂಟು ಇಲ್ಲದೆ.

ಉದ್ಘಾಟನೆಯ ದಿನವೂ ಕರೆಂಟು ಇರಲಿಲ್ಲವಾದ್ದರಿಂದ ಪೇಟೆಯಿಂದ ಡೀಸೆಲ್ ಜನರೇಟರ್ ತರಿಸಲಾಯಿತು. ಧ್ವನಿವರ್ಧಕ, ಶಾಮಿಯಾನದ ಬಣ್ಣದ ದೀಪ, ಗಣ್ಯರ ಬೆನ್ನ ಹಿಂದೆ ಎರಡು ಫ್ಯಾನು, ಇವಿಷ್ಟರ ಬಲದಿಂದ ಮುಖ್ಯ ಅತಿಥಿಗಳು ವಿದ್ಯುತ್ ಮಿತವ್ಯಯದ ಮಹಿಮೆಯನ್ನು ಒಂದೂವರೆ ತಾಸು ಬಣ್ಣಿಸಿದರು. 2001ರಲ್ಲಿ ಬೆಂಗಳೂರಿನ ವಿಜ್ಞಾನಿಗಳು ಬಡವರಿಗಾಗಿ ಸುಮಾರು 9,000 ರೂಪಾಯಿಯ ಸಿಂಪ್ಯೂಟರ್ ಎಂಬ ಕೈಗಣಕ ರೂಪಿಸಿದ್ದನ್ನೂ, 2011ರಲ್ಲಿ ವಿದ್ಯಾರ್ಥಿಗಳಿಗಾಗಿ ಆಕಾಶ್ ಟ್ಯಾಬ್ಲೆಟ್ ಬಂದದ್ದನ್ನೂ ಸ್ಮರಿಸಿದರು. ಅವು ಈಗ ಎಲ್ಲಿವೆ ಎಂಬಲ್ಲಿಗೆ ಭಾಷಣ ಬರುವಷ್ಟರಲ್ಲಿ, ಸಭೆಯ ದುರ್ದೈವ, ಡೀಸೆಲ್ ಮುಗಿಯಿತು.

ಡಬ್ಬಿ ಬಿಚ್ಚಿದಾಗ ಒಳಗೆ ಬೋರ್ಡು ಮಾತ್ರ ಇತ್ತು. ಯೋಜನೆಯಲ್ಲಿ ತಪ್ಪು ಹುಡುಕುವವರು ಗಮನಿಸಬೇಕು: ಅಗ್ಗವೆಂದು ಹೇಳಿದ್ದು ಬೋರ್ಡಿಗೆ; ಮಾನಿಟರು, ಕೀಲಿಮಣೆ, ಬ್ಯಾಟರಿಗಳು ಎರಡನೆಯ ಹಂತಕ್ಕೆ ಸೇರಿದವು. ಮಳೆಗಾಲದಲ್ಲಿ ಬೂಷ್ಟು ಹಿಡಿದೀತೆಂದು ಮಾಸ್ತರು ಅದನ್ನು ಉಕ್ಕಿನ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ವರ್ಷಾಂತ್ಯದ ತಪಾಸಣೆಗೆ ಬಂದವರು ಕಪಾಟನ್ನು ಹೊರಗಿನಿಂದ ಪರಿಶೀಲಿಸಿ, ವಿದ್ಯುತ್ ಬಳಕೆಯ ಅಂಕಣದಲ್ಲಿ ‘ಶೂನ್ಯ’ವೆಂದು ಬರೆದು, ಜಿಲ್ಲೆಗೇ ಮಾದರಿಯೆಂದು ಶಿಫಾರಸು ಮಾಡಿದರು.

ಆ ಮಾಸ್ತರಿಗೆ ಈಗ ಜೋಯಿಡಾಕ್ಕೆ ವರ್ಗವಾಗಿದೆ; ಕಪಾಟಿನ ಕೀಲಿಯೂ ಅವರ ಚೀಲದಲ್ಲೇ ಘಟ್ಟದ ಕಾಡು ಸೇರಿದೆ. ಬೀಗ ಒಡೆಯಲು ಹೊಸ ಅಕ್ಕೋರು ಅನುಮತಿ ಬೇಡಿದ್ದಕ್ಕೆ, ಇಂಥ ಅರ್ಜಿಗಳನ್ನು ಆನ್‌ಲೈನಿನಲ್ಲಿ ಮಾತ್ರ ಸ್ವೀಕರಿಸಲಾಗುವುದೆಂಬ ಉತ್ತರ ಅಂಚೆಯಲ್ಲಿ ಬಂದಿದೆ. ಇಂದು ಮಧ್ಯಾಹ್ನ ಬಿಸಿಯೂಟ ಮುಗಿದ ಮೇಲೆ ಅವರು ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಮೊಬೈಲು ಹಿಡಿದು ಸಿಗ್ನಲ್ ಸಿಗುವ ಗುಡ್ಡ ಹತ್ತಿದ್ದಾರೆ.