ಡಿಗ್ರಿ ಮಕ್ಕಳ ಗಣಿತ ಸಂಶೋಧನೆ: ಒಂದು ಸ್ಪಷ್ಟನೆ

"ಡಿಗ್ರಿಯವರು ಗಣಿತ ಸಮ್ಮೇಳನಕ್ಕೆ ಹೋಗೋದು ಸುಮ್ನೆ ಸರ್ಟಿಫಿಕೇಟಿಗೆ. ಪಿಎಚ್‌ಡಿ ಆಗದೆ ಹೊಸ ಗಣಿತ ಹುಟ್ಟಲ್ಲ" ಎಂಬ ಮೆಸೇಜು ಶಿವಮೊಗ್ಗ, ಸಾಗರದ ಕಡೆ ಪೋಷಕರ ನಡುವೆ ಓಡಾಡುತ್ತಿದೆ. ಇದು ತಪ್ಪು.

ಒಂದು ಸಂಖ್ಯೆ ಅವಿಭಾಜ್ಯವೇ (1 ಮತ್ತು ತನ್ನಿಂದ ಮಾತ್ರ ಭಾಗವಾಗುವ, 1ಕ್ಕಿಂತ ದೊಡ್ಡ ಸಂಖ್ಯೆಯೇ) ಎಂದು ಬೇಗ, ಖಚಿತವಾಗಿ, ಸಾಬೀತಾಗದ ಯಾವ ಊಹೆಯ ನೆರವೂ ಇಲ್ಲದೆ ಹೇಳುವ ವಿಧಾನ ಬಹಳ ಕಾಲ ಸಿಕ್ಕಿರಲಿಲ್ಲ. 2002ರಲ್ಲಿ ಅದನ್ನು ಕೊಟ್ಟವರು ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ. ಕಯಾಲ್, ಸಕ್ಸೇನಾ ಆ ವರ್ಷವಷ್ಟೇ ಬಿ.ಟೆಕ್ ಮುಗಿಸಿದ್ದರು. ಆ ಕೆಲಸದ ಬೇರು ಅವರ ಬಿ.ಟೆಕ್ ಪ್ರಾಜೆಕ್ಟಿನಲ್ಲೇ ಇತ್ತು! 2006ರಲ್ಲಿ ಈ ಕೆಲಸಕ್ಕೆ ಸೈದ್ಧಾಂತಿಕ ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಗೋಡೆಲ್ ಪ್ರಶಸ್ತಿಯೂ ಬಂತು.

ಎಲ್ಲರಿಗೂ ಇಷ್ಟು ದೊಡ್ಡದು ಸಿಗುವುದಿಲ್ಲ, ನಿಜ. ಸಮ್ಮೇಳನದಲ್ಲಿ ಡಿಗ್ರಿ ಮಕ್ಕಳು ಸಣ್ಣ ಫಲಿತಾಂಶವನ್ನೇ ಬೋರ್ಡಿನ ಮುಂದೆ ನಿಂತು ವಿವರಿಸಿ, ಪ್ರಶ್ನೆ ಎದುರಿಸುತ್ತಾರೆ. ಸಂಶೋಧನೆ ಶುರುವಾಗುವುದೇ ಹಾಗೆ, ಅಲ್ವಾ? ಕುವೆಂಪು ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಓದುವ ನಮ್ಮ ಮಕ್ಕಳು ಸಮ್ಮೇಳನಕ್ಕೆ ಹೋಗುತ್ತೇವೆ ಎಂದರೆ ದಯವಿಟ್ಟು ತಡೆಯಬೇಡಿ.