ಕಿಲ್ಟ್, ಗಾಳಿ ಮತ್ತು ನನ್ನ ಮಾನ

ಎಡಿನ್‌ಬರೋದಲ್ಲಿ ಸಹೋದ್ಯೋಗಿಯ ಮದುವೆ. ಎಲ್ಲರೂ ಕಿಲ್ಟ್ (ಸ್ಕಾಟ್ಲೆಂಡಿನ ಗಂಡಸರು ಉಡುವ, ಮೊಣಕಾಲುದ್ದದ ನೆರಿಗೆ ಲಂಗ) ಉಡುತ್ತಾರೆ, ನೀನೂ ಉಡು ಅಂದ. ಪಂಚೆ ಉಟ್ಟು ಬೆಳೆದವನಿಗೆ ಇದೇನು ಮಹಾ ಅಂತ ಬಾಡಿಗೆಗೆ ತಂದೆ. ಅಲ್ಲೇ ಎಡವಿದ್ದು.

ಗಾಳಿ ಇರುವ ದಿನ ನಾರ್ತ್ ಬ್ರಿಡ್ಜ್ ಮೇಲೆ ನಡೆದು ನೋಡಿ, ಗೊತ್ತಾಗುತ್ತದೆ. ಕೆಳಗೆ ವೇವರ್ಲಿ ರೈಲು ನಿಲ್ದಾಣ, ಮೇಲೆ ತಡೆಯೇ ಇಲ್ಲದ ಗಾಳಿ. ಎಂಟು ಗಜ ಉಣ್ಣೆ ಬಟ್ಟೆ, ಭಾರ ಜಾಸ್ತಿ, ಹಾರಲ್ಲ ಅಂತ ಅಂಗಡಿಯವನು ಹೇಳಿದ್ದ. ಮುಂದೇನೋ ಸರಿ, ಸ್ಪೋರಾನ್ ಅನ್ನುವ ಚರ್ಮದ ಚೀಲ ನೇತಾಡಿಕೊಂಡು ಒತ್ತಿ ಹಿಡಿಯುತ್ತದೆ. ಆದರೆ ನೆರಿಗೆ ಎಲ್ಲಾ ಇರುವುದು ಹಿಂದೆ! ಒಂದೇ ಬೀಸಿಗೆ ಕೊಡೆ ಬಿಚ್ಚಿದ ಹಾಗೆ ಅರಳಿಕೊಂಡವು. ಒಂದು ಕೈಯಲ್ಲಿ ಉಡುಗೊರೆ ಡಬ್ಬಿ, ಇನ್ನೊಂದು ಕೈ ಹಿಂದಕ್ಕೆ. ಹಿಂದೆ ಹಿಡಿದರೆ ಪಕ್ಕದಲ್ಲಿ ಏಳುತ್ತದೆ. ಏಡಿಯ ಹಾಗೆ ಅಡ್ಡಡ್ಡ ನಡೆದೆ.

ಮುಂದಿನ ಮೂಲೆಗೆ ದೊಡ್ಡ ಪಿನ್ನು ಬೇರೆ ಇರುತ್ತದೆ. ಅದನ್ನು ಎರಡೂ ಪದರಕ್ಕೆ ಸೇರಿಸಿ ಚುಚ್ಚಬಾರದಂತೆ, ಮೇಲಿನದಕ್ಕೆ ಮಾತ್ರವಂತೆ. ಮತ್ತೆ ಯಾಕೆ ಸ್ವಾಮಿ ಅದು, ಸುಮ್ನೆ ಶೋಕಿಗಾ?

ಪಂಚೆಯಾಗಿದ್ದರೆ ಎತ್ತಿ ಕಟ್ಟಿ ನಡೆದುಬಿಡುತ್ತಿದ್ದೆ. ಹೊಲಿದ ನೆರಿಗೆಯನ್ನು ಎಲ್ಲಿಗೆ ಕಟ್ಟೋದು?

1746ರಲ್ಲಿ ಬ್ರಿಟಿಷ್ ಸಂಸತ್ತು ಸ್ಕಾಟ್ಲೆಂಡಿನ ಗುಡ್ಡಗಾಡು ಸೀಮೆ ಹೈಲ್ಯಾಂಡಿನ ಈ ಉಡುಪನ್ನೇ ನಿಷೇಧಿಸಿತ್ತು. ಅದು ತೆರವಾಗಿದ್ದು 1782ರಲ್ಲಿ. ದಂಗೆ ಅಡಗಿಸಲು ತಂದ ಕಾನೂನು, ಅನ್ಯಾಯವೇ. ಆದರೂ ಆ ಐದು ನಿಮಿಷ ನನಗೆ ಬೇರೇನೋ ಅನಿಸಿತು.

ಎದುರು ಬಂದ ಅಜ್ಜಿಯೊಬ್ಬರು, "ಇವತ್ತು ಸ್ವಲ್ಪ ಗಾಳಿ, ಅಲ್ವಾ?" ಅಂತ ನಗುತ್ತಾ ಹೋದರು.