ಸ್ಪಷ್ಟನೆ: ನೇಟಿವ್ ಬಟನ್ ಬಳಸಿದರೆ ಬ್ರ್ಯಾಂಡ್ ಕಳೆದುಹೋಗುವುದಿಲ್ಲ

"ಐಒಎಸ್, ಆಂಡ್ರಾಯ್ಡ್ ಕೊಡುವ ಸಿದ್ಧ ಬಟನ್, ಸ್ವಿಚ್ ಬಳಸಿದರೆ ಎಲ್ಲ ಆ್ಯಪ್‌ಗಳೂ ಒಂದೇ ಥರ ಕಾಣುತ್ತವೆ, ಕಂಪನಿಯ ಗುರುತೇ ಉಳಿಯಲ್ಲ" ಎಂಬ ಮಾತು ಓಡಾಡುತ್ತಿದೆ. ಇದು ಸರಿಯಲ್ಲ. ಬಣ್ಣ, ಫಾಂಟ್, ಐಕಾನ್, ಬರಹದ ಧಾಟಿ ಎಲ್ಲವೂ ನಿಮ್ಮದೇ ಆಗಿರಬಹುದು. ಗೂಗಲ್‌ನ ವಿನ್ಯಾಸ ವ್ಯವಸ್ಥೆಯಾದ ಮೆಟೀರಿಯಲ್ ಡಿಸೈನ್‌ನಲ್ಲಿ ಬಟನ್‌ನ ಮೂಲೆ ಎಷ್ಟು ದುಂಡಗಿರಬೇಕು ಅನ್ನುವುದನ್ನೂ ಥೀಮ್‌ನಲ್ಲೇ ಬದಲಿಸಬಹುದು.

ಸುಮ್ನೆ ಹೊಸ ಸ್ವಿಚ್ ಕಟ್ಟಿದರೆ ಕಳೆದುಕೊಳ್ಳುವುದೇ ಜಾಸ್ತಿ. ಸಿದ್ಧ ಸ್ವಿಚ್ ಆನ್ ಇದೆಯೋ ಆಫ್ ಇದೆಯೋ ಎಂದು, ಪರದೆಯಲ್ಲಿರುವುದನ್ನು ದನಿಯಲ್ಲಿ ತಿಳಿಸುವ ಫೋನ್ ಸೌಲಭ್ಯಗಳಾದ ವಾಯ್ಸ್‌ಓವರ್, ಟಾಕ್‌ಬ್ಯಾಕ್ ತಾವಾಗಿಯೇ ಓದಿ ಹೇಳುತ್ತವೆ. ನೀವೇ ಕಟ್ಟಿದ್ದಕ್ಕೆ ಅದನ್ನು ಬೇರೆಯಾಗಿ ಸೇರಿಸಬೇಕು. ಮರೆತರೆ ಕಣ್ಣು ಕಾಣದವರಿಗೆ ಆ ಸ್ವಿಚ್ ಇದ್ದೂ ಇಲ್ಲದಂತೆ, ಅಲ್ವಾ?

ಹಾಗಂತ ಸ್ವಂತ ಕಾಂಪೊನೆಂಟ್ (ಬಟನ್, ಸ್ವಿಚ್ ಥರದ ಭಾಗ) ಬೇಡವೇ ಬೇಡ ಅಂತಲ್ಲ. ಆ್ಯಪ್‌ನ ಮುಖ್ಯ ಕೆಲಸ ನಡೆಯುವ ಜಾಗದಲ್ಲಿ ಖಂಡಿತ ಮಾಡಿ. ಆಗಲೂ ಒತ್ತುವ ಜಾಗ ಐಒಎಸ್‌ನಲ್ಲಿ 44 ಪಾಯಿಂಟ್, ಆಂಡ್ರಾಯ್ಡ್‌ನಲ್ಲಿ 48 ಡಿಪಿಗಿಂತ ಚಿಕ್ಕದಾಗದಿರಲಿ (ಪಾಯಿಂಟ್, ಡಿಪಿ ಎರಡೂ ಪರದೆಯ ಮೇಲಿನ ಅಳತೆಯ ಘಟಕಗಳು).